ಒಂದೇ ಗಿಡ, ಎರಡು ಬಗೆ ಹೂವು: ನಿಮ್ಮ ಹಿತ್ತಲಿನ ಕ್ಯಾಮೆಲಿಯಾ ಯಾವುದು?

ಪ್ರಶ್ನೆ: ಹೋದ ವರ್ಷ ಸಿಡ್ನಿಯಲ್ಲಿ ಒಂದು ಹಳೇ ಮನೆ ಕೊಂಡೆವು. ಹಿತ್ತಲಲ್ಲಿ ನಾಲ್ಕು ಮೀಟರ್ ಎತ್ತರದ ಕ್ಯಾಮೆಲಿಯಾ ಇದೆ. ಜುಲೈನಿಂದ ಹೂ ಬಿಡುತ್ತಿದೆ. ಹೂವು ಕೆನೆ ಬಿಳಿ, ಮೇಲೆ ಅಲ್ಲಲ್ಲಿ ಕೆಂಪು ಗೀಟು. ಒಂದು ಕೊಂಬೆಯಲ್ಲಿ ಮಾತ್ರ ತಿಳಿಗುಲಾಬಿ ಹೂವು, ಅಂಚು ಬಿಳಿ. ಪಕ್ಕದ ಮನೆಯವರು ಇದು 'ಲವಿನಿಯಾ ಮಗ್ಗಿ' ಎಂಬ ಇಟಲಿಯ ಹಳೇ ತಳಿ ಅನ್ನುತ್ತಾರೆ. ನಿಜವೇ? ಎರಡು ಗಿಡ ಸೇರಿಸಿ ಕಸಿ ಮಾಡಿದ್ದಾರಾ? ಗುಲಾಬಿ ಕೊಂಬೆ ಕತ್ತರಿಸಬೇಕಾ? ಬೆಂಗಳೂರಿನಲ್ಲಿರುವ ಅಮ್ಮನಿಗೆ ಒಂದು ಕಡ್ಡಿ ತಂದುಕೊಡಬಹುದಾ?

ಉತ್ತರ: ನೀವು ಕಳಿಸಿದ ಮೂರು ಫೋಟೋಗಳಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಮೂರನೆಯದು. ಕೆಳಗೆ ಬಿದ್ದ ಹೂವನ್ನು ಅಂಗೈ ಮೇಲಿಟ್ಟು ತೆಗೆದಿದ್ದೀರಲ್ಲ, ಅದು. ಅದರಲ್ಲಿ ಮುದುಡಿದ ಎಸಳುಗಳ ಸಂದಿಯಿಂದ ಹಳದಿ ಕೇಸರ ಇಣುಕುತ್ತಿದೆ. ಅಷ್ಟು ಸಾಕು. ಇದು ಲವಿನಿಯಾ ಮಗ್ಗಿ ಅಲ್ಲ.

ನಿಮ್ಮ ಪಕ್ಕದ ಮನೆಯವರ ಮೇಲೆ ಬೇಜಾರು ಬೇಡ. ಬಿಳಿ ಮೇಲೆ ಕೆಂಪು ಗೀಟು ಕಂಡ ಕೂಡಲೇ ಎಲ್ಲರ ಬಾಯಿಗೂ ಮೊದಲು ಬರುವ ಹೆಸರು ಅದೇ. ಕ್ಯಾಮೆಲಿಯಾ ನೋಡುವಾಗ ಕಣ್ಣು ಬಣ್ಣಕ್ಕೆ ಹೋಗುತ್ತದೆ. ಆದರೆ ಹಳೇ ತಳಿಗಳ ವಿಷಯದಲ್ಲಿ ಬಣ್ಣದಷ್ಟು ಕೈಕೊಡುವ ಗುರುತು ಇನ್ನೊಂದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಹೂವಿನ ನಡುವನ್ನು ನೋಡಿ.

ನಮ್ಮೂರಿನ ನಂದಿಬಟ್ಟಲಿನಲ್ಲಿ ಒಂಟಿ ಸುತ್ತಿನದೂ ಇದೆ, ಗುಂಡಗೆ ತುಂಬಿಕೊಂಡದ್ದೂ ಇದೆ. ಮಲ್ಲಿಗೆಯಲ್ಲಿ ಏಳು ಸುತ್ತಿನ ಮಲ್ಲಿಗೆಯೇ ಇದೆ. ಕ್ಯಾಮೆಲಿಯಾ ಲೆಕ್ಕವೂ ಹೆಚ್ಚು ಕಡಿಮೆ ಹೀಗೇ. ಕಾಡಿನ ಜಪಾನಿ ಕ್ಯಾಮೆಲಿಯಾ ಒಂದೇ ಸುತ್ತಿನ ಕೆಂಪು ಹೂವು. ಐದಾರು ಎಸಳು, ನಡುವೆ ಬುಡದಲ್ಲಿ ಅಂಟಿಕೊಂಡ ಕೇಸರಗಳ ಕುಚ್ಚು, ತುದಿಯಲ್ಲಿ ಹಳದಿ. ಚಿಕ್ಕಮಗಳೂರು ಕಡೆ ಚಹಾ ಗಿಡದ ಹೂವು ನೋಡಿದ್ದರೆ ಅದೇ ಅಚ್ಚು, ಬಿಳಿ ಬಣ್ಣದಲ್ಲಿ, ಚಿಕ್ಕದಾಗಿ. ಚಹಾ ಕೂಡ ಕ್ಯಾಮೆಲಿಯಾನೇ ಅಲ್ವಾ, ಒಂದೇ ಕುಲ.

ಈ ಕೇಸರಗಳು ತೋಟದ ತಳಿಗಳಲ್ಲಿ ಎಸಳಾಗಿ ಬದಲಾಗುತ್ತಾ ಹೋಗುತ್ತವೆ. ಎಷ್ಟು ಬದಲಾಗಿವೆ ಅನ್ನುವುದರ ಮೇಲೆ ಹೂವಿನ ರೂಪ ನಿಂತಿದೆ. ಎರಡು ಮೂರು ಸುತ್ತು ಎಸಳು, ನಡುವೆ ಕೇಸರದ ಕುಚ್ಚು ಹಾಗೇ ಇದ್ದರೆ ಅದು ಅರೆ ಸುತ್ತಿನ ಹೂವು. ಫ್ರಾನ್ಸಿನ ಆಂಜೆ ಊರಿನಿಂದ 1877ರಲ್ಲಿ ಬಂದ 'ಅಡಾಲ್ಫ್ ಓಡುಸಾನ್' ಇದಕ್ಕೆ ಒಳ್ಳೆಯ ಉದಾಹರಣೆ: ರಕ್ತಗೆಂಪು ಎಸಳು, ನಡುವೆ ಹಳದಿ ಕುಂಚ. ಹೊರಗಿನ ಸುತ್ತು ತಟ್ಟೆಯ ಹಾಗೆ ಚಪ್ಪಟೆಯಾಗಿದ್ದು, ಒಳಗೆ ಸಣ್ಣ ಎಸಳುಗಳ ದಿಂಬು ಎದ್ದಿದ್ದರೆ ಅನಿಮೋನ್ ರೂಪ. ಎಸಳುಗಳು ಅಡ್ಡಾದಿಡ್ಡಿ ತಿರುಚಿಕೊಂಡು, ನಡುನಡುವೆ ಕೇಸರ ಸಿಕ್ಕಿಕೊಂಡು, ಒಟ್ಟಿನಲ್ಲಿ ಗುಪ್ಪೆಯಾಗಿದ್ದರೆ ಪಿಯೋನಿ ರೂಪ. ಕೊನೆಯದು ಪೂರ್ತಿ ಜೋಡಣೆಯ ಹೂವು. ಹೆಂಚು ಹೊದಿಸಿದ ಹಾಗೆ ಎಸಳ ಮೇಲೆ ಎಸಳು. ಬಿದ್ದು ಒಣಗುವವರೆಗೂ ಒಂದು ಕೇಸರವೂ ಕಾಣುವುದಿಲ್ಲ. ಇದನ್ನೇ ಹೋಲುವ ಗುಲಾಬಿ ರೂಪ ಅಂತ ಇನ್ನೊಂದಿದೆ. ಅದು ಪೂರ್ತಿ ಅರಳಿದ ದಿನ ನಡುವನ್ನು ಬಿಟ್ಟುಕೊಡುತ್ತದೆ. ಅದಕ್ಕೇ ಬಿದ್ದ ಹೂವು ನೋಡಿ ಅನ್ನುವುದು. ಮೊಗ್ಗು ಸುಳ್ಳು ಹೇಳಬಹುದು, ಬಿದ್ದ ಹೂವು ಹೇಳುವುದಿಲ್ಲ.

ಲವಿನಿಯಾ ಮಗ್ಗಿ 1860ರ ಆಸುಪಾಸಿನ ಇಟಲಿಯ ತಳಿ. ಅದು ಪೂರ್ತಿ ಜೋಡಣೆಯ ಹೂವು. ಎಸಳುಗಳು ಅಳತೆ ಹಿಡಿದು ಇಟ್ಟ ಹಾಗೆ. ಗೀಟುಗಳೂ ಧಾರಾಳ, ಒಂದೊಂದು ಎಸಳಿನಲ್ಲಿ ಬೆರಳಗಲದ ಕೆಂಪು ಪಟ್ಟೆ. ನಿಮ್ಮದರಲ್ಲಿ ಗೀಟು ಕಮ್ಮಿ, ಸಣ್ಣ, ಎಸಳು ಸಡಿಲ, ನಡುವೆ ಕೇಸರ. ಪಿಯೋನಿ ರೂಪ. ಜೊತೆಗೆ ಬಿಳಿ ಅಂಚಿನ ಗುಲಾಬಿ ಕೊಂಬೆ. ಅದೂ ಸಿಡ್ನಿಯಲ್ಲಿ, ಹಳೇ ಮನೆಯಲ್ಲಿ. ಇಷ್ಟು ಒಟ್ಟಿಗೆ ಸೇರಿದರೆ ನನ್ನ ಲೆಕ್ಕಕ್ಕೆ ಒಂದೇ ಹೆಸರು: 'ಆಸ್ಪೇಸಿಯಾ ಮ್ಯಾಕಾರ್ಥರ್'. ಅಂದರೆ ನಿಮ್ಮ ಗಿಡ ಇಟಲಿಯದಲ್ಲ, ನಿಮ್ಮೂರಿನದೇ. ಸಿಡ್ನಿಯಿಂದ ಸ್ವಲ್ಪ ದೂರದ ಕ್ಯಾಮ್ಡನ್‌ನಲ್ಲಿ ಹುಟ್ಟಿದ್ದು.

ಇದರ ಕಥೆ ಶುರುವಾಗುವುದು ಚೀನಾದಿಂದ. ಇಂಗ್ಲೆಂಡಿಗೆ ಕ್ಯಾಮೆಲಿಯಾ ಮೊದಲು ಹೋದದ್ದು 1739ರ ಸುಮಾರಿಗೆ, ಎಸೆಕ್ಸ್‌ನ ಲಾರ್ಡ್ ಪೀಟರ್ ಅವರ ಥಾರ್ನ್‌ಡನ್ ತೋಟಕ್ಕೆ. ಪೂರ್ವ ದೇಶದ ಗಿಡ, ಬಿಸಿ ಬೇಕೇನೋ ಅಂತ ಅವುಗಳನ್ನು ಕಾಯಿಸಿದ ಗಾಜಿನ ಮನೆಯಲ್ಲಿಟ್ಟರು. ಸತ್ತೇಹೋದವು. ಕ್ಯಾಮೆಲಿಯಾಗೆ ಬೇಕಾದ್ದು ತಂಪು. ಇದನ್ನು ನೆನಪಿಟ್ಟುಕೊಳ್ಳಿ, ಅಮ್ಮನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಆಮೇಲೆ 1792ರಲ್ಲಿ ಕ್ಯಾಪ್ಟನ್ ಕಾನರ್ ಎಂಬುವರು ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಎರಡು ತಳಿ ತಂದರು. ಒಂದು 'ವೇರಿಗೇಟಾ', ಕೆಂಪಿನ ಮೇಲೆ ಬಿಳಿ ಮಚ್ಚೆ. ಇನ್ನೊಂದು 'ಆಲ್ಬಾ ಪ್ಲೀನಾ', ಅಚ್ಚ ಬಿಳಿ. ಹಡಗಿನ ಹೆಸರು ಕರ್ನಾಟಿಕ್! ಹೆಮ್ಮೆ ಪಡುವ ಮೊದಲು ಒಂದು ಮಾತು: ಆಗ ಇಂಗ್ಲಿಷರು ಕರ್ನಾಟಿಕ್ ಅನ್ನುತ್ತಿದ್ದದ್ದು ಹೆಚ್ಚಾಗಿ ಆರ್ಕಾಟಿನ ಸೀಮೆಗೆ. ನಮ್ಮ ಕಡೆ ಅದೇ ವರ್ಷ ಟಿಪ್ಪು ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಸಹಿ ಹಾಕಿ ಅರ್ಧ ರಾಜ್ಯ ಬಿಟ್ಟುಕೊಟ್ಟಿದ್ದರು. ಅತ್ತ ಲಂಡನ್ನಿನಲ್ಲಿ ಜನ ಒಂದು ಬಿಳಿ ಹೂವಿಗೆ ಮರುಳಾಗುತ್ತಿದ್ದರು.

ಮರುಳಾಗುವ ಹೂವೇ ಅದು. ಆಲ್ಬಾ ಪ್ಲೀನಾದಲ್ಲಿ ನೂರಕ್ಕೂ ಹೆಚ್ಚು ಎಸಳು. ಒಂದನ್ನು ಕಿತ್ತು ಎಸಳೆಸಳಾಗಿ ಬಿಡಿಸಿ ಕೂತರೆ ಗೊತ್ತಾಗುತ್ತದೆ. ಹೊರಗಿನವು ಅಗಲ, ಒಳಗೆ ಹೋದ ಹಾಗೆ ಕಿರಿದಾಗುತ್ತವೆ, ಕೊನೆಗೆ ಅಕ್ಕಿ ಕಾಳಿನಷ್ಟು. ಅಲ್ಲಿಗೂ ಕೇಸರ ಇಲ್ಲ. ಕೇಸರ ಇಲ್ಲ ಅಂದರೆ ಪರಾಗ ಇಲ್ಲ. ಬೀಜದಿಂದ ಇದನ್ನು ಬೆಳೆಸುವ ಮಾತೇ ಇಲ್ಲ. ಕಡ್ಡಿ ನೆಟ್ಟು ಅಥವಾ ಕಸಿ ಮಾಡಿ ಮಾತ್ರ. ಅಂದರೆ ಇವತ್ತು ಜಗತ್ತಿನಲ್ಲಿರುವ ಪ್ರತಿ ಆಲ್ಬಾ ಪ್ಲೀನಾ ಚೀನಾದ ಅದೇ ಹಳೇ ಗಿಡದ ತುಂಡು. ಇದಕ್ಕೆ ವಾಸನೆ ಇಲ್ಲ. ಮಳೆ ಹನಿ ಬಿದ್ದರೆ ಎಸಳು ಕಂದಾಗುತ್ತದೆ. ಹೆಂಗಸರ ಮುಡಿಗೆ, ಗಂಡಸರ ಕೋಟಿಗೆ ಯುರೋಪಿನಲ್ಲಿ ನೂರು ವರ್ಷ ಇದೇ ಬೇಕಾಗಿತ್ತು. ಬಹುಶಃ ವಾಸನೆ ಇಲ್ಲದ್ದೇ ಅನುಕೂಲವಾಯಿತೇನೋ, ಅತ್ತರಿಗೆ ಅಡ್ಡ ಬರುವುದಿಲ್ಲ. ಮಲ್ಲಿಗೆ ಮುಡಿಯುವ ನಮಗೆ ಇದು ಸಪ್ಪೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಇನ್ನು 1806ರಲ್ಲಿ ಬಂದ ಎರಡು. ಒಂದು 'ಲೇಡಿ ಹ್ಯೂಮ್ಸ್ ಬ್ಲಶ್'. ಬಿಳಿಗೆ ಒಂದು ತೊಟ್ಟು ಗುಲಾಬಿ ಬೆರೆಸಿದ ಬಣ್ಣ, ಪೂರ್ತಿ ಜೋಡಣೆಯ ಹೂವು. ನನಗಂತೂ ಆಲ್ಬಾ ಪ್ಲೀನಾಕ್ಕಿಂತ ಇದೇ ಇಷ್ಟ. ಇನ್ನೊಂದು 'ಅನಿಮೋನಿಫ್ಲೋರಾ', ಕಡುಗೆಂಪು ಹೂವು. ಹೊರಗೆ ಒಂದು ಸುತ್ತು ದೊಡ್ಡ ಎಸಳು, ನಡುವೆ ಸಣ್ಣ ಎಸಳುಗಳ ಉಂಡೆ. ಇದನ್ನು ನೋಡಿದವರಿಗೆ ಆಸ್ಟ್ರೇಲಿಯಾದ ವಾರಟಾ ಹೂವು ನೆನಪಾಯಿತು. ನಿಮ್ಮ ರಾಜ್ಯದ ಲಾಂಛನದ ಹೂವೇ. ಹಾಗಾಗಿ ಲಂಡನ್ನಿನಲ್ಲಿ ಈ ಚೀನೀ ಗಿಡಕ್ಕೆ 'ವಾರಟಾ' ಎಂದೇ ಹೆಸರು ಬಿತ್ತು. ಲಂಡನ್ನಿನ ವಾಕ್ಸ್‌ಹಾಲ್‌ನಲ್ಲಿ ನರ್ಸರಿ ಇಟ್ಟಿದ್ದ ಆಲ್ಫ್ರೆಡ್ ಚಾಂಡ್ಲರ್ ಇದರ ಬೀಜದಿಂದ ಬೆಳೆಸಿದ 'ಎಲೆಗನ್ಸ್' ಇವತ್ತಿಗೂ ಮಾರಾಟದಲ್ಲಿದೆ. ಅದೂ ಅನಿಮೋನ್ ರೂಪವೇ, ದೊಡ್ಡ ಗುಲಾಬಿ ಹೂವು, ನಡುವಿನ ಉಂಡೆಯಲ್ಲಿ ಬಿಳಿ ಚುಕ್ಕಿ.

ಈಗ ಸಿಡ್ನಿಗೆ ಬರೋಣ. 1831ರಲ್ಲಿ ಲಂಡನ್ನಿನ ಲಾಡಿಜಸ್ ನರ್ಸರಿಯಿಂದ ಆರು ಕ್ಯಾಮೆಲಿಯಾ ಗಿಡಗಳು ಹಡಗಿನಲ್ಲಿ ಬಂದು ಕ್ಯಾಮ್ಡನ್ ಪಾರ್ಕ್ ಎಂಬ ಎಸ್ಟೇಟ್ ತಲುಪಿದವು. ತರಿಸಿದವರು ಆ ಎಸ್ಟೇಟಿನ ವಿಲಿಯಂ ಮ್ಯಾಕಾರ್ಥರ್. ಆರರಲ್ಲಿ ಆಲ್ಬಾ ಪ್ಲೀನಾ ಒಂದು, ಅನಿಮೋನಿಫ್ಲೋರಾ ಇನ್ನೊಂದು. ವಾರಟಾ ಹೆಸರಿನ ಹೂವು ವಾರಟಾ ಸೀಮೆಗೇ ಬಂದು ಸೇರಿತು ನೋಡಿ. ಅಂದು ನೆಟ್ಟ ಅನಿಮೋನಿಫ್ಲೋರಾ ಇನ್ನೂ ಅಲ್ಲೇ ಬದುಕಿದೆ, ಆಸ್ಟ್ರೇಲಿಯಾದ ಅತಿ ಹಳೆಯ ಕ್ಯಾಮೆಲಿಯಾ ಅದೇ ಅನ್ನುತ್ತಾರೆ. ಮ್ಯಾಕಾರ್ಥರ್ ತರಿಸಿ ಸುಮ್ನೆ ಕೂರಲಿಲ್ಲ. ಬೀಜ ಬಿತ್ತಿದರು, ನೂರಾರು ಸಸಿ ಎಬ್ಬಿಸಿದರು, ಚೆನ್ನಾಗಿ ಕಂಡವಕ್ಕೆ ಹೆಸರಿಟ್ಟರು. ಅವುಗಳಲ್ಲಿ ಒಂದು 'ಆಸ್ಪೇಸಿಯಾ', 1850ರ ಸುಮಾರಿನದು. ಯುರೋಪಿನಲ್ಲಿ ಅದೇ ಹೆಸರಿನ ಬೇರೆ ಗಿಡ ಇದ್ದದ್ದರಿಂದ ಆಮೇಲೆ ಮ್ಯಾಕಾರ್ಥರ್ ಅಂತ ಬಾಲ ಸೇರಿಸಿದರು.

ಇನ್ನು ನಿಮ್ಮ ಗುಲಾಬಿ ಕೊಂಬೆ. ಕಸಿ ಮಾಡಿದ್ದಲ್ಲ, ಗಿಡವೇ ಹಾಗೆ ಬದಲಾಗಿದೆ. ಬೆಂಗಳೂರಿನ ಕಾಂಪೌಂಡ್‌ಗಳ ಮೇಲೆ ಬೋಗನ್‌ವಿಲ್ಲಾದ ಒಂದೇ ಕೊಂಬೆ ಬೇರೆ ಬಣ್ಣ ತೋರುವುದನ್ನು ನೋಡಿರುತ್ತೀರಿ. ಬೆಳೆಯುವ ಕುಡಿಯ ಜೀವಕೋಶದಲ್ಲಿ ಒಂದು ಬದಲಾವಣೆ ಆಗುತ್ತದೆ. ಅಲ್ಲಿಂದ ಮುಂದೆ ಆ ಕೊಂಬೆಯ ಹೂವೆಲ್ಲ ಬೇರೆ. ತೋಟದವರು ಇದನ್ನು ಸ್ಪೋರ್ಟ್ ಅನ್ನುತ್ತಾರೆ. ಆಟಕ್ಕೂ ಇದಕ್ಕೂ ಸಂಬಂಧ ಇಲ್ಲ. ಬಣ್ಣ ನಂಬಬೇಡಿ ಅಂದದ್ದು ಇದಕ್ಕೇ. ಬಣ್ಣ ಬದಲಾದರೂ ಹೂವಿನ ರೂಪ, ಎಲೆ, ಗಿಡದ ನಿಲುವು ಹೆಚ್ಚಾಗಿ ಹಾಗೇ ಉಳಿಯುತ್ತವೆ.

ಎಲ್ಲ ಕ್ಯಾಮೆಲಿಯಾಗಳೂ ಇಷ್ಟು ಚಂಚಲ ಅಲ್ಲ. ಆಸ್ಪೇಸಿಯಾ ಮಾತ್ರ ಈ ವಿಷಯದಲ್ಲಿ ಭಾರೀ ಫಲವತ್ತು. ಅದರ ಒಂದು ಕೊಂಬೆ 1889ರಲ್ಲಿ ತಿಳಿಗುಲಾಬಿ ಹೂ ಬಿಟ್ಟಿತು, ಅಂಚು ಬಿಳಿ, ಮೈಮೇಲೆ ಗಾಢ ನರಗಳು. ಅದಕ್ಕೆ 'ಲೇಡಿ ಲಾಕ್' ಅಂತ ಹೆಸರಿಟ್ಟರು. ನಿಮ್ಮ ಎರಡನೇ ಫೋಟೋ ನೋಡಿದರೆ ಅದೇ ಹೂವು! 1904ರಲ್ಲಿ ನ್ಯೂಜಿಲೆಂಡಿನಲ್ಲಿ ಇನ್ನೊಂದು ಕೊಂಬೆ ಪೂರ್ತಿ ಗುಲಾಬಿ ಆಯಿತು, 'ಓಟಾಹುಹು ಬ್ಯೂಟಿ'. 1961ರಲ್ಲಿ ಆಸ್ಪೇಸಿಯಾದಿಂದ 'ಮಾರ್ಗರೆಟ್ ಡೇವಿಸ್' ಬಂತು. ಕೆನೆ ಬಿಳಿ ಎಸಳು, ಪ್ರತಿ ಎಸಳಿನ ಅಂಚಿಗೂ ಕುಂಕುಮದ ಗೆರೆ ಎಳೆದ ಹಾಗೆ. ಅದೇ ಕಾಲಕ್ಕೆ ಲೇಡಿ ಲಾಕ್‌ನಿಂದ 'ಕ್ಯಾನ್ ಕ್ಯಾನ್' ಹುಟ್ಟಿತು, ಇದರಲ್ಲಿ ಅಂಚೇ ಗಾಢ. 1969ರಲ್ಲಿ 'ಜೀನ್ ಕ್ಲಿಯರ್', ಕೆಂಪು ಹೂವಿಗೆ ಸಣ್ಣ ಬಿಳಿ ಅಂಚು. ಬಿಳಿ, ಗುಲಾಬಿ, ಕೆಂಪು, ಅಂಚಿನ ಬಿಳಿ, ಅಂಚಿನ ಕೆಂಪು, ಎಲ್ಲ ಒಂದೇ ಗಿಡದ ಮೈ. ಅಂಗಡಿಯಲ್ಲಿ ಇವನ್ನು ಸಾಲಾಗಿ ಇಟ್ಟಿದ್ದರೆ ಒಂದೇ ಮನೆಯವು ಅಂತ ಯಾರೂ ಹೇಳಲಾರರು, ಎಸಳಿನ ಸುರುಳಿ ನೋಡುವ ಅಭ್ಯಾಸ ಇಲ್ಲದಿದ್ದರೆ.

ಗೀಟಿನ ವಿಷಯದಲ್ಲಿ ಒಂದು ಎಚ್ಚರ. ಕ್ಯಾಮೆಲಿಯಾ ಎಸಳಿನಲ್ಲಿ ಎರಡು ಬಣ್ಣ ಬರುವುದಕ್ಕೆ ಎರಡು ಕಾರಣ. ತಿಳಿ ಎಸಳಿನ ಮೇಲೆ ಗಾಢ ಗೀಟು, ಚುಕ್ಕಿ, ಪಟ್ಟೆ ಇದ್ದರೆ ಅದು ಗಿಡದ ಹುಟ್ಟುಗುಣ. ನಿಮ್ಮದು ಹಾಗೆ. ಕೆಂಪು ಎಸಳಿನ ಮೇಲೆ ಮೋಡದ ಹಾಗೆ ಬಿಳಿ ತೇಪೆ, ಜೊತೆಗೆ ಎಲೆಗಳಲ್ಲೂ ಹಳದಿ ತೇಪೆ ಇದ್ದರೆ ಅದು ಸಾಮಾನ್ಯವಾಗಿ ವೈರಸ್. ಕಸಿ ಮಾಡುವಾಗ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಗಿಡ ಸಾಯುವುದಿಲ್ಲ, ಸ್ವಲ್ಪ ಸೊರಗಬಹುದು. ಹೂವಿಗೆ ಅಂದ ಬರುತ್ತದೆ ಅಂತ ಬೇಕೆಂದೇ ವೈರಸ್ ಹತ್ತಿಸಿ ಮಾರಿದವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಹೆಸರಿನ ಗೊಂದಲ ನಿಮ್ಮ ಪಕ್ಕದ ಮನೆಯವರಿಂದ ಶುರುವಾದದ್ದಲ್ಲ. ಸೀಬೋಲ್ಡ್ ಎಂಬ ಜರ್ಮನ್ ವೈದ್ಯ ಜಪಾನಿನಿಂದ 1830ರ ಸುಮಾರಿಗೆ ಬೆಲ್ಜಿಯಂಗೆ ಗಿಡಗಳನ್ನು ತಂದ. ಒಂದು ಕೆಂಪು ಅರೆ ಸುತ್ತಿನ ಹೂವು, ಮೇಲೆ ಬಿಳಿ ಅಮೃತಶಿಲೆಯ ಮಚ್ಚೆ. ಅದಕ್ಕೆ ಅಲ್ಲಿನ ತೋಟಗಾರ ಡೋಂಕೆಲಾರ್ ಅವರ ಹೆಸರಿಟ್ಟು 'ಡೋಂಕೆಲಾರಿ' ಅಂದರು. ಜಪಾನಿನಲ್ಲಿ ಅದಕ್ಕೆ ಆಗಲೇ 'ಮಸಾಯೋಶಿ' ಅಂತ ಹೆಸರಿತ್ತು! ಹಾಗೆಯೇ 'ಟ್ರೈಕಲರ್', ಬಿಳಿ ಮೇಲೆ ಗುಲಾಬಿ ಕೆಂಪು ಗೀಟು, ಅದೂ ಸೀಬೋಲ್ಡ್ ತಂದದ್ದೇ. ಲಂಡನ್ನಿನ ಚಿಸ್ವಿಕ್ ಹೌಸ್‌ನ ಗಾಜಿನ ಮನೆಯಲ್ಲಿ 'ಮಿಡಲ್‌ಮಿಸ್ಟ್ಸ್ ರೆಡ್' ಎಂಬ ಅಪರೂಪದ ಗಿಡ ಇದೆ, 1804ರಲ್ಲಿ ಚೀನಾದಿಂದ ಬಂದದ್ದು. ಹೆಸರು ಕೆಂಪು, ಹೂವು ಗುಲಾಬಿ. ಇಂಥ ಗೊಂದಲ ಬಿಡಿಸುವುದಕ್ಕೇ ಅಂತರರಾಷ್ಟ್ರೀಯ ಕ್ಯಾಮೆಲಿಯಾ ಸೊಸೈಟಿ 1993ರಲ್ಲಿ ದಪ್ಪನೆಯ ದಾಖಲೆ ಪುಸ್ತಕ ಹೊರತಂದಿತು.

ಇಷ್ಟು ಹೇಳಿದ ಮೇಲೂ ಫೋಟೋ ನೋಡಿ ಹೇಳಿದ್ದು ಫೋಟೋ ನೋಡಿ ಹೇಳಿದ್ದೇ. ಒಂದು ಕೆಲಸ ಮಾಡಿ. ಸಿಡ್ನಿಯ ದಕ್ಷಿಣಕ್ಕೆ ಕ್ಯಾರಿಂಗ್‌ಬಾ ಸೌತ್‌ನಲ್ಲಿ ಈ.ಜಿ. ವಾಟರ್‌ಹೌಸ್ ಹೆಸರಿನ ಕ್ಯಾಮೆಲಿಯಾ ತೋಟ ಇದೆ, 1970ರಲ್ಲಿ ತೆರೆದದ್ದು. ವಾಟರ್‌ಹೌಸ್ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಜರ್ಮನ್ ಪಾಠ ಮಾಡುತ್ತಿದ್ದವರು. ಅರ್ಧ ಮರೆತುಹೋಗಿದ್ದ ಮ್ಯಾಕಾರ್ಥರ್ ತಳಿಗಳಿಗೆ ಮತ್ತೆ ಹೆಸರು ಹುಡುಕಿಕೊಟ್ಟವರಲ್ಲಿ ಅವರೇ ಮುಖ್ಯರು. ನಿಮ್ಮ ಗಿಡದಿಂದ ಎರಡೂ ಬಗೆಯ ಹೂವು, ಒಂದಷ್ಟು ಎಲೆ ಸಮೇತ, ಒದ್ದೆ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಅಲ್ಲಿಗೆ ಹೋಗಿ. ಹೆಸರು ಹಚ್ಚಿದ ಗಿಡದ ಪಕ್ಕ ಹಿಡಿದು ನೋಡಿ. ಎಲೆಯ ಅಂಚು, ಹೂವಿನ ಅಗಲ, ಕೇಸರ ಎಲ್ಲಿ ಸಿಕ್ಕಿಕೊಂಡಿದೆ, ಇಷ್ಟು ಹೊಂದಿದರೆ ಹೆಸರು ಖಾತ್ರಿ.

ಗುಲಾಬಿ ಕೊಂಬೆ ಕತ್ತರಿಸಬೇಡಿ. ಅದು ಗಿಡಕ್ಕೆ ತೊಂದರೆ ಕೊಡುವುದಿಲ್ಲ. ಬಣ್ಣದ ಕೊಂಬೆ ತೀರಾ ಜೋರಾಗಿ ಬೆಳೆದು ಬಿಳಿಯನ್ನು ಮುಚ್ಚುವ ಹಾಗಾದರೆ ಹೂವು ಮುಗಿದ ಮೇಲೆ ಸ್ವಲ್ಪ ಸವರಿ, ಅಷ್ಟೆ. ಬೇಕಾದರೆ ಅದರಿಂದಲೇ ಹೊಸ ಗಿಡ ಮಾಡಬಹುದು. ಡಿಸೆಂಬರ್ ಜನವರಿಯಲ್ಲಿ, ಆ ವರ್ಷದ ಚಿಗುರು ಹಸಿರಿನಿಂದ ಕಂದಿಗೆ ತಿರುಗಿ ಗಟ್ಟಿಯಾದಾಗ, ಗೇಣಿಗಿಂತ ಚಿಕ್ಕ ಕಡ್ಡಿ ತೆಗೆಯಿರಿ. ತುದಿಯಲ್ಲಿ ಎರಡು ಎಲೆ ಬಿಟ್ಟು ಉಳಿದದ್ದು ಕಿತ್ತು, ಬುಡದ ತೊಗಟೆಯನ್ನು ಒಂದು ಬದಿ ಸ್ವಲ್ಪ ಹೆರೆದು, ಮರಳು ಬೆರೆಸಿದ ಮಣ್ಣಿಗೆ ಚುಚ್ಚಿ ನೆರಳಲ್ಲಿಡಿ. ಬೇರಿಗೆ ಎರಡು ಮೂರು ತಿಂಗಳು ಹಿಡಿಯಬಹುದು. ನಡುನಡುವೆ ಕಿತ್ತು ನೋಡಬೇಡಿ. ಬಿಳಿ ಕೊಂಬೆಯಿಂದ ಒಂದು, ಗುಲಾಬಿಯಿಂದ ಒಂದು ಬೇರೆ ಬೇರೆ ಕುಂಡದಲ್ಲಿಟ್ಟರೆ ತಾಯಿ ಮಗಳನ್ನು ಅಕ್ಕಪಕ್ಕ ಇಟ್ಟ ಹಾಗೆ.

ಅಮ್ಮನ ವಿಷಯ. ಸೂಟ್‌ಕೇಸಿನಲ್ಲಿ ಕಡ್ಡಿ ಇಟ್ಟುಕೊಂಡು ಬರಬೇಡಿ. ನೆಡುವ ಗಿಡ, ಕಡ್ಡಿ ಭಾರತಕ್ಕೆ ತರಲು ಮೊದಲೇ ಆಮದು ಪರವಾನಗಿ ಬೇಕು, ಅಲ್ಲಿಂದ ರೋಗ ಇಲ್ಲ ಎಂಬ ಸಸ್ಯ ಆರೋಗ್ಯ ಪತ್ರ ಬೇಕು. ಅದೆಲ್ಲ ಆದರೂ ಬೆಂಗಳೂರಿನಲ್ಲಿ ಇದು ಸುಲಭದ ಗಿಡ ಅಲ್ಲ. ಮಣ್ಣು ಹುಳಿಯಾಗಿರಬೇಕು, ಚಹಾ ತೋಟದ ಹಾಗೆ. ನಮ್ಮ ಬೋರ್‌ವೆಲ್ ನೀರು ಗಡಸು. ನಾನೂ ಒಂದು ಗಿಡ ತಂದು ಮೂರು ವರ್ಷ ಕುಂಡದಲ್ಲಿ ಸಾಕಿದೆ. ಮಳೆನೀರು ಹಿಡಿದು ಹಾಕಿದೆ, ಕಾಫಿ ಸಿಪ್ಪೆಯ ಗೊಬ್ಬರ ಹಾಕಿದೆ. ಮೂರನೇ ವರ್ಷ ಹನ್ನೊಂದು ಮೊಗ್ಗು ಬಂತು. ಫೆಬ್ರವರಿಯ ಒಂದು ವಾರ ಬಿಸಿಲೇರಿತು, ದಿನಕ್ಕೆ ಎರಡರಂತೆ ಉದುರಿದವು. ಬೆಳಿಗ್ಗೆ ಎದ್ದು ಕುಂಡದ ಬುಡ ನೋಡುವುದೇ ಒಂದು ಕೆಲಸ ಆಯಿತು. ಥಾರ್ನ್‌ಡನ್ ತೋಟದವರಿಗೆ ಆದದ್ದೇ ನನಗೂ ಆಯಿತು, ಅವರು ಒಲೆ ಹಚ್ಚಿದ್ದರು, ನನಗೆ ಒಲೆಯ ಖರ್ಚು ಉಳಿಯಿತು. ನೀಲಗಿರಿಯ ಎತ್ತರದಲ್ಲಾದರೆ ಬೇರೆ ಮಾತು.

ಅಮ್ಮನಿಗೆ ತೋರಿಸಬೇಕು ಅಂತಿದ್ದರೆ ಅವರನ್ನೇ ಕರೆಸಿಕೊಳ್ಳಿ. ಜುಲೈ ಕೊನೆ ವಾರದಿಂದ ಆಗಸ್ಟ್ ನಡುವಿನ ತನಕ ನಿಮ್ಮ ಗಿಡ ತುಂಬಿರುತ್ತದೆ. ಸ್ವೆಟರ್ ತರಲು ಹೇಳಿ. ಬೆಳಿಗ್ಗೆ ಗಿಡದ ಕೆಳಗೆ ಇಡೀ ಹೂವುಗಳೇ ಬಿದ್ದಿರುತ್ತವೆ, ಪಾರಿಜಾತದ ಹಾಗೆ. ಅವರು ಅದನ್ನು ಆರಿಸಿ ದೇವರಿಗೆ ಇಡಬಹುದೋ ಇಲ್ಲವೋ ಅಂತ ಕೇಳಿದರೆ ನನ್ನ ಹತ್ತಿರ ಕಳಿಸಬೇಡಿ, ಅದಕ್ಕೆ ನಮ್ಮ ಅಜ್ಜಿಯೇ ತಜ್ಞೆ. ಅವರು ನೆಲಕ್ಕೆ ಬಿದ್ದದ್ದರಲ್ಲಿ ಪಾರಿಜಾತ ಒಂದಕ್ಕೇ ರಿಯಾಯಿತಿ ಕೊಡುತ್ತಿದ್ದರು.